ಗುಂಡಿ ಒತ್ತಲು ಹೋದವಳು

ಪರದೆಯ ನಡುವೆ ಸಣ್ಣದೊಂದು ವೃತ್ತ ಗಿರಗಿರನೆ ತಿರುಗಿ ನಿಂತಿತು. ಆಫೀಸಿನ ಕಂಪ್ಯೂಟರು ಸಿಗುತ್ತಿಲ್ಲ ಎಂದು ಅದು ಥೂರನಿಗೆ ಹೇಳಿದ್ದು ಇದು ಹನ್ನೊಂದನೆಯ ಸಲ. ವಿಪಿಎನ್ನಿನ ತಪ್ಪೇನೂ ಇರಲಿಲ್ಲ. ಮೂಲೆಯಲ್ಲಿ ಅದರ ಪುಟ್ಟ ಬೀಗ ಹಸಿರಾಗಿಯೇ ಇತ್ತು. ಅಂದರೆ ಯಾಂಗೊನ್ನಿನ ಈ ಮೂರನೆಯ ಮಹಡಿಯ ಮನೆಯಿಂದ ಆಫೀಸಿನ ಹೊಸ್ತಿಲವರೆಗೆ ಯಾರ ಕಣ್ಣಿಗೂ ಬೀಳದ ದಾರಿ ತೆರೆದೇ ಇದೆ, ಒಳಗಿನ ಯಂತ್ರ ಮಾತ್ರ ಸತ್ತು ಬಿದ್ದಿದೆ. ಸಾಯಿಸಿದವನು ತಾನೇ. ನಿನ್ನೆ ಸಂಜೆ ಕೆಲಸ ಮುಗಿದಾಗ ಸಂಪರ್ಕ ಕಡಿದುಕೊಂಡು ಸುಮ್ಮನೆ ಎದ್ದುಬಿಡಬೇಕಿತ್ತು. ಅದರ ಬದಲು, ಹದಿನಾರು ವರ್ಷ ಆ ಕುರ್ಚಿಯಲ್ಲೇ ಕೂತು ಪ್ರತಿ ಸಂಜೆ ಮಾಡಿದ ಹಾಗೆ, ಕಂಪ್ಯೂಟರನ್ನೇ ಆರಿಸಿಬಿಟ್ಟಿದ್ದ. ಮೂರು ಮೈಲಿ ಆಚೆ, ಬೀಗ ಹಾಕಿದ ಕೋಣೆಯಲ್ಲಿ, ಅದು ಹೇಳಿದ ಮಾತು ಕೇಳಿ ಆರಿತ್ತು. ಇನ್ನು ಅದನ್ನು ಎಬ್ಬಿಸಬೇಕಾದರೆ ಯಾರಾದರೂ ಅಲ್ಲಿಗೆ ಹೋಗಿ, ಬಗ್ಗಿ, ಬೆರಳಿನಿಂದ ಗುಂಡಿ ಒತ್ತಬೇಕು. ಮನೆಯಿಂದಲೇ ಕೆಲಸ ಶುರುವಾಗಿ ವರ್ಷವಾಗಿತ್ತು. ಈ ತಪ್ಪನ್ನು ಒಬ್ಬರಲ್ಲ ಒಬ್ಬರು ಮಾಡುತ್ತಲೇ ಇದ್ದರು. ಆಗೆಲ್ಲ ಕಟ್ಟಡದ ಕಾವಲುಗಾರ ಮೇಲೆ ಹತ್ತಿ, ಗುಂಡಿ ಒತ್ತಿ, ಬೈದುಕೊಂಡು ಇಳಿಯುತ್ತಿದ್ದ. ಬೀದಿಗಳಲ್ಲಿ ಗುಂಡು ಹಾರತೊಡಗಿದ ಮೇಲೆ ಅವನು ಊರು ಸೇರಿಕೊಂಡಿದ್ದ.

ಬೆಳಿಗ್ಗೆ ಎಂಟಕ್ಕೇ ಮ್ಯಾನೇಜರು ಬ್ಯಾಂಕಾಕಿನಿಂದ ಫೋನು ಮಾಡಿದ್ದರು. ಸೈನ್ಯ ಅಧಿಕಾರ ಕಿತ್ತುಕೊಂಡ ಮೊದಲ ವಾರದಲ್ಲೇ ಅವರು ಹೆಂಡತಿ ಮಕ್ಕಳ ಸಮೇತ ಅಲ್ಲಿಗೆ ಹಾರಿದ್ದರು. "ಥೂರ, ಸಂಜೆ ನಾಲ್ಕಕ್ಕೆ ಕಾಲರಿನ ಫೈಲು ಹೋಗ್ಲಿಲ್ಲ ಅಂದ್ರೆ ಆರ್ಡರ್ ವಿಯೆಟ್ನಾಮಿನವರ ಪಾಲು. ಅಲ್ಲೇನು ಯಾರೂ ಗುಂಡು ಹೊಡೀತಿಲ್ಲ ನೋಡು." ಯಾವುದೋ ಹಿಮ ಬೀಳುವ ದೇಶದವರು ತೊಡುವ ಜಾಕೆಟ್ಟು; ಅದರ ಕಾಲರಿನ ನಕ್ಷೆಯನ್ನು ಏಳು ಅಳತೆಗಳಿಗೆ ಹಿಗ್ಗಿಸಿ ಕೊಡಬೇಕು. ಮನೆಯ ಕಂಪ್ಯೂಟರಿನಲ್ಲಿ ಆಗದ ಕೆಲಸ. ಆ ತಂತ್ರಾಂಶಕ್ಕೆ ಹೆಬ್ಬೆರಳುದ್ದದ ಕೀಲಿಯೊಂದಿದೆ, ಅದು ಆಫೀಸಿನ ಯಂತ್ರದ ಬೆನ್ನಿಗೆ ಚುಚ್ಚಿಕೊಂಡಿದೆ. ಥೂರ ಹೂಂಗುಟ್ಟಿ ಫೋನಿಟ್ಟ. ಇಡುವಾಗ ಆ ಮನುಷ್ಯನ ಕತ್ತು ತನ್ನ ಹಿಡಿಯಲ್ಲಿರುವಂತೆ ಅವನ ಬೆರಳುಗಳು ಬಿಗಿದುಕೊಂಡವು. ಇತ್ತೀಚೆಗೆ ಹೀಗೇ ಆಗುತ್ತಿತ್ತು. ಚಹಾ ಕೊಡುವವಳ ಕೈ, ಮೆಟ್ಟಿಲಲ್ಲಿ ಎದುರಾದವನ ಕೆನ್ನೆ, ಯಾವುದನ್ನು ಕಂಡರೂ ಅದನ್ನು ತಿರುಚಿದರೆ ಹೇಗೆ ಸದ್ದು ಮಾಡೀತು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕುತ್ತಿತ್ತು. ಮೊನ್ನೆ ಬಾಲ್ಕನಿಯ ಕೆಳಗೇ ಒಬ್ಬನನ್ನು ನಾಲ್ವರು ಸೈನಿಕರು ಬಂದೂಕಿನ ಹಿಡಿಯಿಂದ ಬಡಿದಿದ್ದರು. ಆ ಸದ್ದು ಗೊತ್ತಿದ್ದ ಸದ್ದೇ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ. ಕಿಟಕಿಯ ಪರದೆಯ ಸಂದಿಯಿಂದ ಪೂರ್ತಿ ನೋಡಿದ್ದ. ಹೆಂಡತಿ ಮೊ ಮೊ ಕಣ್ಣು ಮುಚ್ಚಿಕೊಂಡಿದ್ದಳು, ಅವನು ಮುಚ್ಚಿರಲಿಲ್ಲ. ನಾಚಿಕೆಯಾದದ್ದು ಆಮೇಲೆ.

ಒಂಬತ್ತಕ್ಕೆ ಅವನೇ ಹೊರಟಿದ್ದ, ಅದಂತೂ ಸುಳ್ಳಲ್ಲ. ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ, ಲುಂಗಿ ಬಿಗಿದು, ಫೋನನ್ನು ಮನೆಯಲ್ಲೇ ಬಿಟ್ಟು ಇಳಿದಿದ್ದ. ಬೀದಿಯ ಬಾಯಿಗೆ ಹೆಂಗಸರು ಅಡ್ಡಲಾಗಿ ಹಗ್ಗ ಕಟ್ಟಿ ತಾವು ಸೊಂಟಕ್ಕೆ ಸುತ್ತುವ ಥಮೈನುಗಳನ್ನು ಸಾಲಾಗಿ ನೇತುಹಾಕಿದ್ದರು. ಉಟ್ಟು ಬಿಟ್ಟವು, ತೊಳೆಯದವು. ಅದರಡಿ ನುಸುಳಿದ ಗಂಡಸಿನ ತೇಜಸ್ಸೆಲ್ಲ ಇಳಿದುಹೋಗುತ್ತದೆಂದು ನಂಬಿಕೆ; ಸೈನಿಕರು ಗುಂಡಿಗೆ ಹೆದರುವುದಿಲ್ಲ, ಇದಕ್ಕೆ ಹೆದರುತ್ತಾರೆ. ಮರಳಚೀಲಗಳ ಹಿಂದೆ ಕೂತಿದ್ದ ಹೆಂಗಸರು ಅವನನ್ನು ನೋಡಿದರು. ಅವನು ತಲೆಯೆತ್ತಿ ಹಗ್ಗವನ್ನು ನೋಡಿದ. ನೀಲಿಯ ಮೇಲೆ ಹಳದಿ ಹೂವಿನದು ಮೊ ಮೊಳದ್ದೇ. ಪಾದಗಳು ನಿಂತುಬಿಟ್ಟವು. "ಅಯ್ಯೋ, ಅದು ಅವರಿಗೆ ಕಟ್ಟಿದ್ದು ಅಣ್ಣ, ನಿಮಗಲ್ಲ!" ಎಂದು ಒಬ್ಬಳು ಕೂಗಿದಳು. ಎಲ್ಲರೂ ನಕ್ಕರು. "ತಾಳಿ, ಇಳಿಸ್ತೀವಿ. ಮಹಾರಾಜರು ಮೇಲಿಂದ ದಾಟಿ ಹೋಗ್ಲಿ" ಎಂದು ಇನ್ನೊಬ್ಬಳು ಕೋಲಿನಿಂದ ಹಗ್ಗದ ತುದಿ ಬಿಚ್ಚಿದಳು. ಹಗ್ಗ ಇಳಿಯಿತು. ಬಟ್ಟೆಗಳು ಮೊಣಕಾಲಿನ ಮಟ್ಟಕ್ಕೆ ಬಂದವು, ಎದುರಿಗೆ ದೊಡ್ಡ ರಸ್ತೆ ಬರಿದಾಗಿ ಬಿಸಿಲಿನಲ್ಲಿ ಕಂಡಿತು. ಅಷ್ಟರಲ್ಲಿ ಎಲ್ಲೋ ಎರಡು ಗುಂಡಿನ ಸದ್ದು. ದೂರದ್ದೇ. ಥೂರ ತಿರುಗಿ ನಡೆದ. ಮನೆಗೆ ಬಂದು ಹೆಂಡತಿಗೆ, "ಆ ಬಟ್ಟೆ ಕೆಳಗೆ ಹೇಗೆ ಹೋಗ್ಲಿ ನಾನು? ನಮ್ಮಪ್ಪ ಬದುಕಿದ್ರೆ ಏನಂತಿದ್ರು?" ಎಂದ. ಮೊ ಮೊ ಬಾಲ್ಕನಿಯಿಂದ ಎಲ್ಲವನ್ನೂ ನೋಡಿದ್ದಳು. 

ಹತ್ತು ನಿಮಿಷಕ್ಕೆ ಮಾ ಸಬೈ ಮೆಟ್ಟಿಲು ಹತ್ತಿ ಬಂದಳು. ಮೇಲಿನ ಮಹಡಿಯವಳು, ಆಫೀಸಿನಲ್ಲಿ ಮಾದರಿ ಹೊಲಿಯುವ ಹೆಂಗಸರ ಮೇಲ್ವಿಚಾರಕಿ, ನಲವತ್ತರ ಆಸುಪಾಸು, ಹಾಸಿಗೆ ಹಿಡಿದ ತಾಯಿಯೊಬ್ಬಳನ್ನು ಬಿಟ್ಟರೆ ಯಾರೂ ಇಲ್ಲ. ಹಗ್ಗ ಇಳಿಸಿದ ಕೋಲು ಹಿಡಿದಿದ್ದವಳು ಅವಳೇ.

"ಕಂಪ್ಯೂಟರ್ ಆರಿಸ್ಬಿಟ್ರಿ, ಅಲ್ವಾ? ಕೀಲಿ ಕೊಡಿ ಅಣ್ಣ."

"ಬೇಡ ಕಣೆ. ನಾಳೆ ನೋಡೋಣ."

"ನಾಳೆ ಅಂದ್ರೆ ಆರ್ಡರ್ ಹೋಗಿ ನನ್ ಹನ್ನೆರಡು ಹೆಂಗಸರೂ ಕೆಲ್ಸ ಇಲ್ದೆ ಮನೇಲಿ ಕೂರ್ಬೇಕು. ಒಂದು ಗುಂಡಿ ಒತ್ತೋಕೆ ಎಷ್ಟು ಮಾತು? ಹೆಂಗಸರನ್ನ ಅಷ್ಟಾಗಿ ತಡೆಯೋದಿಲ್ಲ ಅವರು. ಬುಟ್ಟೀಲಿ ನಾಲ್ಕು ಸೊಪ್ಪು ಹಾಕ್ಕೊಂಡು ಹೋದ್ರೆ ಸಂತೆಗೆ ಹೊರಟೋಳು ಅಂತಾರೆ."

ಥೂರ ಇನ್ನೊಮ್ಮೆ ಬೇಡವೆನ್ನಬೇಕಿತ್ತು. ಎರಡು ಸಲ ಬೇಡವೆಂದಿದ್ದರೆ ಸಾಕಿತ್ತು, ಆಮೇಲೆ ನೆನೆಸಿಕೊಳ್ಳುವಾಗ ಅಷ್ಟಾದರೂ ಕೈಗೆ ಸಿಗುತ್ತಿತ್ತು. ಅವನು ಸೊಂಟದಿಂದ ಕೀಲಿ ತೆಗೆದು ಕೊಟ್ಟ. ಅವಳು ತನ್ನ ಫೋನನ್ನು ಅವನ ಮೇಜಿನ ಮೇಲಿಟ್ಟಳು; ಫೋನಿನಲ್ಲಿ ಪ್ರತಿಭಟನೆಯ ಒಂದು ಫೋಟೊ ಕಂಡರೂ, ವಿಪಿಎನ್ನಿನ ಗುರುತೊಂದು ಕಂಡರೂ ಸೈನಿಕರು ಅಲ್ಲೇ ಮಂಡಿಯೂರಿಸುತ್ತಾರೆಂದು ಯಾರೂ ಈಗ ಫೋನು ಹಿಡಿದು ಬೀದಿಗಿಳಿಯುತ್ತಿರಲಿಲ್ಲ. "ಅಮ್ಮಂಗೆ ಮಧ್ಯಾಹ್ನ ಒಂದಿಷ್ಟು ಗಂಜಿ ಕೊಡು ಮೊ ಮೊ" ಎಂದು ಇಳಿದು ಹೋದಳು. ಕೆಳಗೆ ಹೆಂಗಸರು ಅವಳನ್ನು ಚಪ್ಪಾಳೆ ತಟ್ಟಿ ಕಳಿಸಿದ್ದು ಮೇಲಕ್ಕೆ ಕೇಳಿಸಿತು.

ಅವನಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಅವನು ತನಗೇ ಸ್ಪಷ್ಟವಾಗಿ ಹೇಳಿಕೊಂಡಿದ್ದು ಅವಳು ಹೋದ ಮೇಲೆ, ತಣ್ಣಗಾದ ಚಹಾದ ಮುಂದೆ. ಆರು ವರ್ಷದ ಹಿಂದೆ, ಅವನು ವಾರ ಕೂತು ಕತ್ತರಿಸಿದ ಮಾದರಿಯೊಂದನ್ನು ಹೊಲಿಯುವವಳೊಬ್ಬಳು ಅಡ್ಡಾದಿಡ್ಡಿ ಕತ್ತರಿಸಿ ಹಾಳು ಮಾಡಿದಾಗ ಅವನ ಕೈ ತಾನಾಗಿ ಎದ್ದು ಅವಳ ಕೆನ್ನೆಗೆ ಬಿದ್ದಿತ್ತು. ಬಿದ್ದಾಗ ಹಾಯೆನಿಸಿತ್ತು. ಅದೇ ಅವನಿಗೆ ಮರೆಯಲಾಗದ್ದು. ಆಗ ಸಬೈ ಒಂದೊಂದೇ ಯಂತ್ರದ ಸ್ವಿಚ್ಚು ಆರಿಸುತ್ತ ಬಂದಳು. ಯಂತ್ರಗಳೆಲ್ಲ ನಿಂತು ಕೋಣೆ ನಿಶ್ಶಬ್ದವಾದ ಮೇಲೆ, "ಅಣ್ಣ, ಕ್ಷಮೆ ಕೇಳಿ" ಎಂದಳು. ಗಟ್ಟಿಯಾಗಿ ಅಲ್ಲ. ಅವನು ಕೇಳಿದ. "ಕೇಳಿಸ್ಲಿಲ್ಲ" ಎಂದಳು. ಎರಡನೆಯ ಸಲ ಕೇಳಿದ. ಆ ಎರಡನೆಯ ಸಲ ಇವತ್ತಿಗೂ ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಈಗ ಅವಳು ಸೊಪ್ಪಿನ ಬುಟ್ಟಿ ಹಿಡಿದು ಆ ಬರಿದಾದ ರಸ್ತೆಯಲ್ಲಿ ನಡೆಯುತ್ತಿದ್ದಾಳೆ. ಯಾರೋ ತಡೆಯುತ್ತಾರೆ. ಬುಟ್ಟಿ ಕಿತ್ತುಕೊಳ್ಳುತ್ತಾರೆ. ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು ಅನ್ನುತ್ತಾರೆ. ಥೂರನ ಮನಸ್ಸು ಅಲ್ಲಿಯವರೆಗೆ ಹೋಗಿ, ಇನ್ನೂ ಸ್ವಲ್ಪ ಮುಂದೆ ಹೋಗಿ, ಅಲ್ಲಿ ತಾನು ಕಂಡದ್ದಕ್ಕೆ ಬೆಚ್ಚಿ ಹಿಂದೆ ಬಂತು. ಮೇಜಿನ ಮೇಲೆ ಅವಳ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ 'ಅಮ್ಮ' ಎಂದಿತ್ತು. ಮೊ ಮೊ ಗಂಜಿ ತೆಗೆದುಕೊಂಡು ಮೇಲೆ ಹೋದಳು.

ಒಂದೂವರೆಗೆ ವೃತ್ತ ತಿರುಗಿ, ನಿಂತು, ತೆರೆಯಿತು. ಆಫೀಸಿನ ಪರದೆ ಅವನೆದುರು ಹರಡಿಕೊಂಡಿತು, ಅದೇ ಬೂದು ಹಿನ್ನೆಲೆ, ಅದೇ ಅಡ್ಡಾದಿಡ್ಡಿ ಫೈಲುಗಳು. ಥೂರನ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಮೌಸಿನ ಬಾಣ ತಾನಾಗಿ ಅಲುಗಿ, ಒಂದು ನೋಟ್‌ಪ್ಯಾಡು ತೆರೆದುಕೊಂಡು, ಅದರಲ್ಲಿ ಅಕ್ಷರಗಳು ಮೂಡಿದವು.

"ಒತ್ತಿದೆ ಅಣ್ಣ. ಕಾಣ್ತಿದ್ಯಾ?"

ಆಫೀಸು ಕೊಂಡಿದ್ದು ಅಗ್ಗದ ತಂತ್ರಾಂಶ. ಮನೆಯಿಂದ ಮಾಡಿದ್ದೆಲ್ಲ ಆಫೀಸಿನ ಪರದೆಯ ಮೇಲೂ ಹಾಗೇ ಕಾಣುತ್ತಿತ್ತು, ಆಫೀಸಿನಲ್ಲಿ ಒತ್ತಿದ್ದು ಮನೆಯಲ್ಲೂ ಕಾಣುತ್ತಿತ್ತು. ಆಫೀಸಿನ ದೂರವಾಣಿ ಸತ್ತು ತಿಂಗಳಾಗಿತ್ತು. ಅವಳ ಫೋನು ಇಲ್ಲಿದೆ. ಮಾತಾಡಲು ಇದೊಂದೇ ದಾರಿ. ಅವನು ಬರೆದ: "ಕಾಣ್ತಿದೆ. ಬೇಗ ಹೊರಡು."

"ಒಂದ್ ಗಳಿಗೆ ತಡೀರಿ, ಕಾಲು ನೋಯ್ತಿದೆ. ಸುತ್ತಿ ಬಳಸಿ ಬಂದೆ. ನೀವು ಕೆಲ್ಸ ಶುರು ಮಾಡಿ, ನಾನು ನೋಡ್ತೀನಿ."

ಅವನು ಕಾಲರನ್ನು ತೆರೆದ. ಮೊದಲ ಅಳತೆಯ ಅಂಚಿನ ಮೇಲೆ ಬಾಣವನ್ನು ನಡೆಸಿದ. ನೋಟ್‌ಪ್ಯಾಡಿನಲ್ಲಿ ಸಾಲು ಮೂಡಿತು: "ದೆವ್ವ ಕೆಲ್ಸ ಮಾಡಿದ ಹಾಗಿದೆ. ನಿಮ್ಮ ಬಾಣನೂ ನಿಮ್ ಥರಾನೇ, ಹೆದರ್ಕೊಂಡು ಹೆದರ್ಕೊಂಡು ನಡೀತದೆ." ಥೂರ ಹಲ್ಲು ಕಚ್ಚಿದ. ಆದರೂ ನಗು ಬಂತು, ಅದು ಅವನಿಗೇ ಆಶ್ಚರ್ಯ. ಎರಡನೆಯ ಅಳತೆ ಮುಗಿಯುವ ಹೊತ್ತಿಗೆ ಅವಳು ಬರೆದಳು: "ಇಲ್ಲಿ ಕೆಳಗೆ ಶುರುವಾಯ್ತು. ಗುಂಡು. ಹತ್ರಾನೇ. ನಿಲ್ಲೋವರ್ಗೂ ಇಲ್ಲೇ ಇರ್ತೀನಿ." ಅವನಿಗೆ ಏನೂ ಕೇಳಿಸಲಿಲ್ಲ. ಪರದೆಗೆ ಸದ್ದು ಇಲ್ಲ. ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು, ಪಕ್ಕದವರು ಬೆಳ್ಳುಳ್ಳಿ ಹುರಿಯುತ್ತಿದ್ದರು. ಅವನು ಮೂರನೆಯ ಅಳತೆಗೆ ಕೈ ಹಾಕಿದ.

"ಕೆಳಗೆ ಬಾಗಿಲು ಬಡೀತಿದ್ದಾರೆ."

"ಒಬ್ಳು ಹುಡುಗಿ. ಕಿಟಕೀಲಿ ನೋಡ್ದೆ. ತೊಡೆಯಿಂದ ರಕ್ತ ಸೋರ್ತಿದೆ. ಒಬ್ಳೇ ಇದಾಳೆ. ತೆಗೀಲಾ?"

ಥೂರನ ಬೆರಳು ಎಷ್ಟು ಬೇಗ ಓಡಿತೆಂದರೆ ಯೋಚನೆ ಹಿಂದೆ ಉಳಿಯಿತು. "ಬೇಡ. ತೆಗೀಬೇಡ. ಹಿಂದೇನೇ ಅವರೂ ಬರ್ತಾರೆ."

ಕಡ್ಡಿಯಂಥ ಗೆರೆ ಅಲ್ಲೇ ಮಿನುಗುತ್ತ ನಿಂತಿತು. ಒಂದು ನಿಮಿಷ. ನಾಲ್ಕು ನಿಮಿಷ.

"ತೆಗೆದೆ. ಕತ್ತರಿಸೋ ಮೇಜಿನ ಕೆಳಗೆ ಮಲಗಿಸಿದ್ದೀನಿ. ಆ ಹಿಮದ ಜಾಕೆಟ್ಟಿನ ಬಟ್ಟೇಲೇ ತೊಡೆ ಕಟ್ಟಿದೆ. ಬೈಬೇಡಿ."

ಅವನು ಬೈದ. ಬರೆದಲ್ಲ, ಬಾಯಲ್ಲಿ, ಮನೆಯೆಲ್ಲ ಕೇಳುವಂತೆ. ಈ ಹೆಂಗಸಿಗೆ ಯಾವತ್ತೂ ಹೀಗೇ, ಜಗತ್ತಿನ ಯಂತ್ರಗಳನ್ನೆಲ್ಲ ನಿಲ್ಲಿಸಿ ಸರಿ ತಪ್ಪು ಮಾಡಿಸಲು ಹುಟ್ಟಿದವಳು. ಅಡುಗೆಮನೆಯಿಂದ ಬಂದ ಮೊ ಮೊ ಬೆನ್ನ ಹಿಂದೆ ನಿಂತು ಸಾಲುಗಳನ್ನು ಓದಿದಳು. ಮೇಲಿನಿಂದ ಕೆಳಗೆ, 'ಬೇಡ' ಎಂಬುದನ್ನೂ ಓದಿದಳು. ಅವಳ ಉಸಿರು ಅವನ ಕತ್ತಿಗೆ ತಾಗುತ್ತಿತ್ತು. ಅವನು ತಿರುಗಲಿಲ್ಲ. ನಾಲ್ಕನೆಯ ಅಳತೆ, ಐದನೆಯ ಅಳತೆ. ಕೆಲಸವೆಂಬುದು ಎಂಥ ಆಸರೆ. ಅಂಚಿಗೆ ಮೂರು ಮಿಲಿಮೀಟರು ಕೂಡಿಸು, ಕತ್ತಿನ ಬಾಗಿಗೆ ಎರಡು, ಅಷ್ಟು ಹೊತ್ತು ನೀನು ಒಳ್ಳೆಯವನೂ ಅಲ್ಲ ಕೆಟ್ಟವನೂ ಅಲ್ಲ. ನೋಟ್‌ಪ್ಯಾಡು ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಮೂರು ಗಂಟೆಯಾಯಿತು. ಮೂರೂಕಾಲು. ಏಳನೆಯ ಅಳತೆಯ ಕೊನೆಯ ಅಂಚು ಕೂಡಿಕೊಂಡಾಗ ಅವನಿಗೆ ಭುಜ ಹಗುರಾಯಿತು, ಆ ಹಗುರದಲ್ಲಿ ಸ್ವಲ್ಪ ಔದಾರ್ಯವೂ ಬಂತು. ಬಾಣವನ್ನು ನೋಟ್‌ಪ್ಯಾಡಿಗೆ ಒಯ್ದು ಬರೆದ:

"ಇದ್ದೀಯಾ?"

ಕುರ್ಚಿಯಲ್ಲಿ ಈಗ ಯಾರು ಕೂತಿರಬಹುದು ಎಂದು ಬರೆಯುವ ಮೊದಲು ಅವನು ಯೋಚಿಸಲಿಲ್ಲ. ಬರೆದ ಮೇಲೆ ಯೋಚಿಸಿದ.

ಉತ್ತರ ಬಹಳ ನಿಧಾನವಾಗಿ ಬಂತು. ಒಂದು ಅಕ್ಷರ, ತಡೆದು ಇನ್ನೊಂದು, ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುವವರ ಹಾಗೆ. ಸಬೈಯ ಬೆರಳುಗಳು ಹಾಗೆ ಒತ್ತುವವಲ್ಲ.

"ಇದ್ದೀವಿ. ನೀನು ಯಾರು?"

ಮೊ ಮೊ ಬಾಯಿಗೆ ಕೈಯಿಟ್ಟುಕೊಂಡಳು. ಥೂರ ಕೀಲಿಮಣೆಯಿಂದ ಕೈ ಎತ್ತಿದ, ಅದು ಸುಡುತ್ತಿದ್ದಂತೆ. ಪರದೆಯ ಮೇಲೆ ಬಾಣ ತಾನಾಗಿ ಚಲಿಸಿತು. ನೋಟ್‌ಪ್ಯಾಡು ಮೇಲಕ್ಕೆ ಸರಿಯಿತು, ಮೊದಲ ಸಾಲಿನಿಂದ ಒಂದೊಂದಾಗಿ ಕೆಳಗೆ ಬಂತು. ಯಾರೋ ಓದುತ್ತಿದ್ದಾರೆ. ಥೂರನೂ ಅವರ ಜೊತೆ ಓದಿದ. ಅಳಿಸಬಹುದಿತ್ತು. ಎರಡು ಗಂಟೆಯಿಂದ ಅಳಿಸಬಹುದಿತ್ತು, ಆ ಹುಡುಗಿಯ ಸಾಲನ್ನಾದರೂ. ಹೊಳೆದಿರಲೇ ಇಲ್ಲ. ಬಾಣ 'ಬೇಡ' ಎಂಬಲ್ಲಿ ಬಂದು ನಿಂತಿತು.

"ತೆಗೀಬೇಡ ಅಂದೋನು ನೀನೇನಾ? ನೀನು ಬುದ್ಧಿವಂತ."

ಆಮೇಲೆ ಮತ್ತೆ ಒಂದೊಂದೇ ಅಕ್ಷರ: "ಹುಡುಗಿ ಸತ್ಲು. ಈ ಹೆಂಗಸು ಉಳಿದಿದ್ದಾಳೆ. ಗುಂಡಿ ಒತ್ತೋಕೆ ಬಂದೆ, ಆಫೀಸಿನೋರು ಕಳಿಸಿದ್ರು ಅಂತಾಳೆ. ಯಾರು ಕಳಿಸಿದ್ದು ಅಂದ್ರೆ ಹೆಸರು ಹೇಳ್ತಿಲ್ಲ. ಎರಡು ಹಲ್ಲು ಹೋಯ್ತು, ಆದ್ರೂ ಹೇಳ್ತಿಲ್ಲ."

ಥೂರನ ನಾಲಿಗೆ ತಾನಾಗಿ ತನ್ನ ಹಲ್ಲುಗಳ ಮೇಲೆ ಓಡಿತು.

"ಕೆಲಸಕ್ಕೆ ಬಂದೋಳಾದ್ರೆ ಬಿಡ್ತೀವಿ. ಗಲಾಟೆಯೋಳಾದ್ರೆ ಇಲ್ಲ. ನೀನು ಕಳಿಸಿದ್ದು ಹೌದಾ? ಹೌದು ಅನ್ನು. ಹೆಸರು ಬರಿ, ಮನೆ ಎಲ್ಲಿ ಬರಿ."

"ಹೌದು ಅಂತ ಬರೀರಿ" ಎಂದಳು ಮೊ ಮೊ. ಪಿಸುಮಾತಿನಲ್ಲೇ ಹೇಳಿದಳು, ಅಲ್ಲಿಗೆ ಕೇಳಿಸೀತು ಎಂಬಂತೆ.

"ಸುಮ್ನಿರು."

"ಹೌದು ಅನ್ನಿ. ಒಂದು ಮಾತು."

"ಮನೆ ಎಲ್ಲಿ ಅಂತ ಕೇಳ್ತಿದ್ದಾನೆ, ಓದಕ್ಕೆ ಬರಲ್ವಾ ನಿಂಗೆ? ಬರ್ತಾರೆ ಇಲ್ಲಿಗೆ. ಮನೇಲಿ ವಿಪಿಎನ್ ಇದೆ, ಇದೆಲ್ಲ ಇದೆ. ಹೌದು ಅಂದ್ರೂ ಅವಳನ್ನ ಬಿಡ್ತಾರೆ ಅಂತ ಯಾರಿಗ್ಗೊತ್ತು?"

"ಬಿಡ್ದೇ ಇರಬಹುದು. ಅವಳು ಹಲ್ಲು ಉದುರಿಸ್ಕೊಂಡು ನಿನ್ನ ಹೆಸರು ಹೇಳ್ತಿಲ್ಲ. ಬರಿಯೋ."

ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಅವಳು ಅವನಿಗೆ 'ನೀನು' ಅಂದಿರಲಿಲ್ಲ. ಅಂದವಳೇ ಅವನ ತೋಳಿನಡಿಯಿಂದ ಕೈ ಚಾಚಿ ಕೀಲಿಮಣೆ ಮುಟ್ಟಿದಳು. ಪರದೆಯ ಮೇಲೆ 'ಹೌ' ಎಂದು ಮೂಡಿತು. ಥೂರ ಎದ್ದದ್ದು ತಿಳಿಯಲಿಲ್ಲ. ಮೊಣಕೈ ಅವಳ ಮುಖಕ್ಕೆ ಬಿದ್ದಾಗ ಆದ ಸದ್ದು ಮಾತ್ರ ತಿಳಿಯಿತು. ಒದ್ದೆ ಬಟ್ಟೆಯ ಸದ್ದಲ್ಲ, ಅದಕ್ಕಿಂತ ಚಿಕ್ಕದು, ಒಣಗಿದ್ದು. ಅವಳು ಮೇಜಿನ ಅಂಚಿಗೆ ಬಡಿದು ಕೆಳಗೆ ಕೂತಳು. ತುಟಿಯಿಂದ ರಕ್ತ ಗದ್ದಕ್ಕಿಳಿಯಿತು. ಎಷ್ಟೋ ದಿನದಿಂದ ತಿರುಚಲು ಏನೋ ಹುಡುಕುತ್ತಿದ್ದ ಬೆರಳುಗಳಿಗೆ ಕೊನೆಗೂ ಏನೋ ಸಿಕ್ಕಿತ್ತು, ಅವು ಅವಳ ಮುಂಗೈಯನ್ನು ಹಿಡಿದಿದ್ದವು, ಬಿಡುತ್ತಿರಲಿಲ್ಲ. ಹಾಯೆನಿಸಿತು. ಮತ್ತೆ, ಈಗಲೂ. ತಾನು ಎಂಥವನೆಂದು ಥೂರನಿಗೆ ಆ ಕ್ಷಣದಲ್ಲಿ ಚೆನ್ನಾಗಿ ಗೊತ್ತಾಯಿತು, ಗೊತ್ತಾದದ್ದರಿಂದ ಏನೂ ಬದಲಾಗಲಿಲ್ಲ.

"ಏನು 'ಹೌ'?" ಎಂದು ಪರದೆ ಕೇಳಿತು.

ಅವನು ಅವಳ ಕೈ ಬಿಟ್ಟು ಕೂತ. ಆ ಅಕ್ಷರವನ್ನು ಅಳಿಸಿದ. ಬರೆದ: "ಗೊತ್ತಿಲ್ಲ. ಯಾರೋ. ನಾನು ಯಾರನ್ನೂ ಕಳಿಸಿಲ್ಲ."

ಅಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿರಬಹುದು. ಅವಳಿಗೆ ಕೇಳಿಸುತ್ತಿರಬಹುದು. ಕೇಳಿಸಲಿಲ್ಲ, ಇನ್ನೊಂದ್ಸಲ ಎಂದು ಅವಳು ಈಗ ಅನ್ನಲಾರಳು.

"ಸರಿ" ಎಂದು ಬಂತು.

ಬಾಣ ಅಲ್ಲಿಂದ ಹೊರಟಿತು. ಯಾವುದೋ ಕೈ ಅದನ್ನು ಸೋಮಾರಿಯಾಗಿ ಎಳೆಯುತ್ತಿತ್ತು. ನೋಟ್‌ಪ್ಯಾಡು ಮುಚ್ಚಿತು. ಬೇರೆ ಎರಡು ಫೈಲು ಮುಚ್ಚಿದವು. ಬಾಣ ಕಾಲರಿನ ಮೇಲೆ ಬಂದು, ಏಳು ಗೆರೆಗಳ ಮೇಲೆ ಸುಮ್ಮನೆ ಒಂದು ಸುತ್ತು ಹಾಕಿ, ಮೂಲೆಗೆ ಹೋಗಿ ಅದನ್ನೂ ಮುಚ್ಚಲು ಒತ್ತಿತು. ಮಾಡಿದ ಕೆಲಸವನ್ನು ಸೇವ್ ಮಾಡಬೇಕೇ ಎಂದು ತಂತ್ರಾಂಶ ಕೇಳಿತು. ಎರಡು ಗುಂಡಿ, ಹೌದು, ಇಲ್ಲ. ಅಲ್ಲಿನ ಕೈ ಬಾಣವನ್ನು 'ಇಲ್ಲ'ದ ಕಡೆಗೆ ಎಳೆಯಿತು. ಥೂರ ಮೌಸು ಹಿಡಿದ. ಎಳೆದ. ಬಾಣ ನಡುವೆ ತಡವರಿಸಿತು. ಅಲ್ಲಿನವನು ಮತ್ತೆ ಎಳೆದ, ಥೂರ ಕುರ್ಚಿಯಿಂದ ಅರ್ಧ ಎದ್ದು, ಹಲ್ಲು ಕಚ್ಚಿ, ಎರಡೂ ಕೈಯಿಂದ ಮೌಸನ್ನು ಅದುಮಿ ಹಿಡಿದು ಎಳೆದ. "ಬಿಡೋ, ಬಿಡೋ ನಾಯಿ" ಎಂದು ಕೂಗಿದ, ಕತ್ತಿನ ನರ ಉಬ್ಬಿತು. ಒಂದು ಕ್ಷಣ ಆ ಕಡೆ ಹಿಡಿತ ಸಡಿಲಾಯಿತು. ಥೂರ 'ಹೌದು' ಒತ್ತಿದ.

ಕಾಲರು ಏಳು ಅಳತೆಯಲ್ಲೂ ಸೇವ್ ಆಯಿತು. ಮೊ ಮೊ ನೆಲದ ಮೇಲೆ ಕೂತು ನೋಡುತ್ತಿದ್ದಳು.